ಹೊರಗಿನ ಪೊರೆ

ಬೈಲಹೊಂಗಲದ ಡಾಕ್ಟರ್ ನೀಲಕಂಠರ ದವಾಖಾನೆಯಲ್ಲಿ ಗಾಜಿನ ಮೇಲಿನ ರೋಗಾಣುವಿನ ಬಣ್ಣ ನೋಡಿ ಲಗಮಣ್ಣ ನೇರಳೆ ಅಂದರೆ ನೇರಳೆ, ಕೆಂಪು ಅಂದರೆ ಕೆಂಪು. ಅದಕ್ಕೆ ಎರಡನೆಯ ಮಾತಿರಲಿಲ್ಲ. ಸೂಜಿಗೆ ಯಾವ ಔಷಧಿ ಏರಿಸಬೇಕು ಅನ್ನುವ ಮುಂಚೆ ಡಾಕ್ಟರು ಒಮ್ಮೆ ಅವನ ಮುಖ ನೋಡುತ್ತಿದ್ದರು. ಕಟಕೋಳದ ಹೊರಗೇರಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಎರಡು ವರ್ಷ ಲ್ಯಾಬಿನ ಕೆಲಸ ಕಲಿತು ಬಂದ ಆ ಮನುಷ್ಯನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ, ಬೆನ್ನಿಗೆ ನಿಲ್ಲುವ ದೊಡ್ಡವರೂ ಇರಲಿಲ್ಲ. ಇದ್ದದ್ದು ಈ ಒಂದು ಹೆಸರು. ಅದು ಹೇಗೆ ಹೋಯಿತು ಅನ್ನುವುದೇ ಈ ಕತೆ.

ಡಾಕ್ಟರದು ಹಳೆಯ ವಾಡೆ. ಮುಂದಿನ ಪಡಸಾಲೆಯೇ ದವಾಖಾನೆ. ಎಡಕ್ಕೆ ಕಂಪೌಂಡರ್ ಮಹಾಂತಪ್ಪನ ಔಷಧಿ ಕೋಣೆ, ಬಲಕ್ಕೆ ಲ್ಯಾಬು. ಪಡಸಾಲೆಯ ಹಿಂದೆ ಹಿತ್ತಾಳೆ ಪಟ್ಟಿ ಬಡಿದ ಹೊಸ್ತಿಲು, ಅದರಾಚೆ ಮನೆ. ಆ ಹೊಸ್ತಿಲು ದಾಟಬೇಡ ಅಂತ ಲಗಮಣ್ಣನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವನ್ನು ಅವನೂ ತಂದಿರಲಿಲ್ಲ. "ನನ್ನ ಲ್ಯಾಬಿನ್ಯಾಗ ಜಾತಿ ಇಲ್ಲ" ಅಂತ ಡಾಕ್ಟರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಲ್ಯಾಬು ಹತ್ತು ಅಡಿ ಉದ್ದ, ಎಂಟು ಅಡಿ ಅಗಲ ಇತ್ತು. ಅಷ್ಟು ಜಾಗದ ಮಟ್ಟಿಗೆ ಅವರ ಮಾತು ನಿಜ.

ಹಾಗಂತ ನೀಲಕಂಠರನ್ನು ಕೆಟ್ಟ ಮನುಷ್ಯ ಅಂದರೆ ತಪ್ಪಾದೀತು. ಸಂಶೋಧನೆ ಮಾಡಬೇಕೆಂದು ಓದಿದವರು, ತಂದೆ ತೀರಿಕೊಂಡರೆಂದು ಊರಿಗೆ ಬಂದು ಕೂತವರು. ಮುಂಬಯಿಯಿಂದ ಅವರಿಗೆ ವೈದ್ಯಕೀಯ ಪತ್ರಿಕೆಗಳು ಬರುತ್ತಿದ್ದವು, ಮೂರು ಕೈ ದಾಟಿ, ವರ್ಷ ತಡವಾಗಿ. ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಅವುಗಳನ್ನು ಹಿಡಿದು ಲ್ಯಾಬಿಗೆ ಬರುತ್ತಿದ್ದರು. ಇಡೀ ಊರಿನಲ್ಲಿ ಅವರ ಮಾತು ತಿಳಿಯುವವನು ಲಗಮಣ್ಣ ಒಬ್ಬನೇ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಒಂದು ದಿನ ಚೀಟಿಯ ಹಿಂಬದಿಗೆ ಪೆನ್ನಿನಿಂದ ಎರಡು ಗುಂಡಗಿನ ಗೆರೆ ಎಳೆದು ಹೇಳಿದರು:

"ಈ ಬ್ಯಾಕ್ಟೀರಿಯಾ ನೋಡು, ಕಿತ್ತೂರ ಕ್ವಾಟಿ ಇದ್ದಂಗ. ಒಂದ ಗ್ವಾಡಿ, ಆದ್ರ ಹಿಂಗ ದಪ್ಪ. ನೇರಳಿ ಬಣ್ಣ ಒಳಗ ಹೊಕ್ಕಿತಂದ್ರ ಸ್ಪಿರಿಟ್ ಹಾಕಿದ್ರೂ ಹೊರಗ ಬರಂಗಿಲ್ಲ. ಈ ಇನ್ನೊಂದು ಥರದ ಬ್ಯಾಕ್ಟೀರಿಯಾದ ಗ್ವಾಡಿ ತೆಳ್ಳಗ. ಆದ್ರ ಗ್ವಾಡಿ ಹೊರಗ ಮತ್ತೊಂದು ಪೊರಿ ಅದ, ಕೊಬ್ಬಿನ ಪೊರಿ. ಅದರ ಮೈಮ್ಯಾಲೆ ಸಕ್ರಿ ಎಳಿ ಜೋತು ಬಿದ್ದಿರ್ತಾವ, ಕೌದಿ ಅಂಚಿನ ದಾರ ಇದ್ದಂಗ."

"ಹಿಂಗ ಸುತ್ತೂ ಮುಚ್ಚಿಕೊಂಡ್ರ ಅದಕ್ಕ ಕೂಳು ಎಲ್ಲಿಂದ ಬರಬೇಕ್ರಿ?" ಅಂದ ಲಗಮಣ್ಣ.

ಡಾಕ್ಟರ ಮುಖ ಅರಳಿತು. "ಹಾ! ಅದ ಈಗ ಹೊಸದಾಗಿ ಗೊತ್ತಾಗೇದ. ಪೊರಿಯೊಳಗ ಪ್ರೋಟೀನಿನ ಕೊಳವಿ ಇರ್ತಾವ. ಮೂರು ಮೂರು ಕೂಡಿ ನಿಂತಿರ್ತಾವ, ನಡುವ ನೀರು. ಎರಡು ವರ್ಷದ ಹಿಂದ ಹೆಸರಿಟ್ಟಾರ, ಪೋರಿನ್ ಅಂತ. ಅದರಾಗ ಹಾದು ಸಕ್ರಿ, ಉಪ್ಪು ಒಳಗ ಹೋಗ್ತಾವ. ದೊಡ್ಡದು, ಎಣ್ಣಿ ಅಂಶದ್ದು ಹೊರಗ ನಿಂತಿರ್ತದ. ಪೆನಿಸಿಲಿನ್ನಿಗೂ ಅಲ್ಲಿ ಭಾಳ ತ್ರಾಸ. ಕ್ಲೋರಾಂಫೆನಿಕಾಲ್ ಸಣ್ಣದು, ಸರಳ ಹೋಗ್ತದ."

"ಆ ಕೊಳವಿಗೆ ಕದ ಇರಂಗಿಲ್ಲೇನ್ರಿ?"

"ಕದ ಇಲ್ಲ, ಲಗಮಣ್ಣಾ. ಅಳತಿ ಅದ. ಅಳತಿಗೆ ಬಂದದ್ದು ಒಳಗ."

ಲಗಮಣ್ಣ ಸುಮ್ಮನೆ ತಲೆಯಾಡಿಸಿದ. ಕದವಿಲ್ಲದ ಬಾಗಿಲು ಅವನಿಗೆ ಹೊಸದೇನಲ್ಲ. ಡಾಕ್ಟರು ಮುಂದುವರಿಸಿದರು: ಸ್ಪಿರಿಟ್ಟು ಆ ಕೊಬ್ಬಿನ ಪೊರೆಯನ್ನು ಕರಗಿಸುತ್ತದೆ, ನೇರಳೆ ಬಣ್ಣ ತೆಳು ಗೋಡೆಯಿಂದ ಸೋರಿಹೋಗುತ್ತದೆ, ಆಮೇಲೆ ಹಾಕಿದ ಕೆಂಪು ಹಿಡಿಯುತ್ತದೆ. "ಎಲ್ಲಾ ಸ್ಪಿರಿಟ್ಟಿನ ಮ್ಯಾಲೆ ಅದ ನೋಡು" ಅಂದರು. ಆ ಚೀಟಿಯನ್ನು ಲಗಮಣ್ಣ ತನ್ನ ನೋಟುಬುಕ್ಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡ.

ಸ್ಪಿರಿಟ್ಟು ಸರಿಯಿದೆಯೋ ಇಲ್ಲವೋ ನೋಡಲು ಹುಬ್ಬಳ್ಳಿಯಲ್ಲಿ ಅವನಿಗೆ ಒಂದು ಸುಲಭದ ಪರೀಕ್ಷೆ ಕಲಿಸಿದ್ದರು. ಬೆಂಕಿಕಡ್ಡಿಯ ತುದಿಯಿಂದ ತನ್ನ ಹಲ್ಲಿನ ಸಂದಿಯ ಪಾಚಿ ಕೆರೆದು ಅದೇ ಗಾಜಿನ ಮೂಲೆಗೆ ಹಚ್ಚುವುದು. ಮನುಷ್ಯನ ಬಾಯಲ್ಲಿ ಎರಡೂ ಥರದವು ಇರುತ್ತವೆ. ಆ ಮೂಲೆಯಲ್ಲಿ ನೇರಳೆಯೂ ಕೆಂಪೂ ಎರಡೂ ಕಂಡರೆ ಕೆಲಸ ಸರಿ. ಬರೀ ನೇರಳೆ ಕಂಡರೆ ಸ್ಪಿರಿಟ್ಟು ಕೆಟ್ಟಿದೆ. ಲಗಮಣ್ಣ ಇದನ್ನು ದಿನಾ ತಪ್ಪದೆ ಮಾಡುತ್ತಿದ್ದ, ಡಾಕ್ಟರ ತಾಯಿ ಮಥುರಾಬಾಯಿ ನೋಡುವ ತನಕ.

ಮಥುರಾಬಾಯಿ ಗಂಡ ಹೋದ ಮೇಲೆ ಮಡಿಯನ್ನೇ ಉಟ್ಟು ಹಾಸಿ ಹೊದ್ದುಕೊಂಡಿದ್ದ ಹೆಂಗಸು. ಒಂದು ಮುಂಜಾನೆ ತುಳಸಿಗೆ ನೀರು ಹಾಕಿ ಬರುವಾಗ ಲ್ಯಾಬಿನ ಕಿಟಕಿಯೊಳಗೆ ಕಣ್ಣು ಹಾಯಿತು. ಬಾಯಿಗೆ ಹಾಕಿದ ಕಡ್ಡಿಯನ್ನು ಲಗಮಣ್ಣ ಗಾಜಿಗೆ ಒರೆಸುತ್ತಿದ್ದ.

"ಅಯ್ಯ, ಎಂಜಲಾ! ನೀಲೂ, ಬಾ ಇಲ್ಲೆ! ಎಂಜಲಾ ಹಚ್ಚಲಿಕ್ಕೆ ಹತ್ಯಾನ ಎಲ್ಲಾದಕ್ಕೂ!"

ಅವತ್ತು ಆಕೆ ಊಟ ಮಾಡಲಿಲ್ಲ. ಮರುದಿನ ಡಾಕ್ಟರು ಲಗಮಣ್ಣನ ಹೆಗಲ ಮೇಲೆ ಕೈಯಿಟ್ಟು, "ಅವ್ವಗ ತಡಕೊಳ್ಳಿಕ್ಕೆ ಆಗವಲ್ತು, ಅದೊಂದು ಬಿಟ್ಟುಬಿಡು. ನಿನ್ನ ಕಣ್ಣಿನ ಮ್ಯಾಲೆ ನನಗ ಭರೋಸಾ ಅದ" ಅಂದರು. ಲಗಮಣ್ಣ ಬಿಟ್ಟ. ಮೆಚ್ಚುಗೆಯ ಮಾತಿಗೆ ಮನಸ್ಸು ಸ್ವಲ್ಪ ಉಬ್ಬಿಯೂ ಇತ್ತು. ಆ ಉಬ್ಬನ್ನು ನೆನೆಸಿಕೊಂಡರೆ ಇವತ್ತಿಗೂ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಪಿರಿಟ್ಟಿನ ಪರ್ಮಿಟ್ಟು ಬರುವುದು ತಡವಾಯಿತು. ಅಬಕಾರಿ ಕಚೇರಿಯ ಸಹಿಯಿಲ್ಲದೆ ಒಂದು ಹನಿಯೂ ಸಿಗುತ್ತಿರಲಿಲ್ಲ. ಮೊದಲು ವಾರಕ್ಕೊಮ್ಮೆ ಹೊಸದಾಗಿ ತುಂಬುತ್ತಿದ್ದ ಬಾಟಲಿಯನ್ನು ಈಗ ತಿಂಗಳೆರಡು ತಿಂಗಳು ತಳ್ಳಬೇಕಾಯಿತು. ಆ ಒಂದೇ ಬಾಟಲಿಯಿಂದ ಲಗಮಣ್ಣ ಸ್ಲೈಡು ತೊಳೆಯುತ್ತಿದ್ದ, ದೀಪಕ್ಕೆ ಹಾಕುತ್ತಿದ್ದ. ಡಾಕ್ಟರು ಮಧ್ಯಾಹ್ನ ಒಳಗೆ ಊಟಕ್ಕೆ ಹೋಗುವ ಮುಂಚೆ ಅದರಿಂದಲೇ ಕೈ ಒರೆಸಿಕೊಳ್ಳುತ್ತಿದ್ದರು. ಆದರೂ ಬಾಟಲಿ ಅಷ್ಟು ಬೇಗ ಖಾಲಿಯಾಗುತ್ತಿರಲಿಲ್ಲ. "ಎಷ್ಟು ಹಿಡಿದು ವಾಪರಸ್ತೀಯಪಾ" ಅಂತ ಡಾಕ್ಟರು ಹೊಗಳಿದರು. ಡಾಕ್ಟರೇ ಎಲ್ಲಿಂದಲೋ ತಂದು ಸ್ವಲ್ಪ ಸೇರಿಸಿರಬೇಕು ಅಂತ ಲಗಮಣ್ಣ ಅಂದುಕೊಂಡ. ಒಬ್ಬರನ್ನೊಬ್ಬರು ಕೇಳಲಿಲ್ಲ. ದೀಪಾವಳಿಯ ಸುಮಾರಿಗೆ ದೀಪ ಚಟಚಟ ಅನ್ನತೊಡಗಿತು, ಹಳದಿಯಾಗಿ ಉರಿದು ತಾನೇ ಆರಿತು. ಬತ್ತಿಯ ಹತ್ತಿ ಹಸಿ ಇದ್ದೀತು ಅಂತ ಲಗಮಣ್ಣ ಎರಡು ಸಲ ಬತ್ತಿ ಬದಲಿಸಿದ.

ಕಾರ್ತಿಕದಲ್ಲಿ ಡಾಕ್ಟರ ಮಗನಿಗೆ ಜ್ವರ ಬಂತು. ಎರಡು ವರ್ಷದ ಕೂಸು, ಅಜ್ಜನ ಹೆಸರು ಇಟ್ಟಿದ್ದರು, ಕೃಷ್ಣಾಜಿ. ಲ್ಯಾಬಿನ ಹೊಸ್ತಿಲಿಗೆ ಬಂದು ನಿಂತು "ಲಮ್ಮಣ್ಣಾ" ಅಂತ ಕೂಗಿ, ಅಜ್ಜಿ ಎತ್ತಿಕೊಂಡು ಹೋಗುವ ತನಕ ಹಲ್ಲು ಬಿಡುತ್ತ ನಿಲ್ಲುವ ಕೂಸು. ಎರಡನೆಯ ಮುಂಜಾನೆ ಕುತ್ತಿಗೆ ಸೆಟೆಯಿತು, ಕಣ್ಣು ಮೇಲಾದವು. ಮಿದುಳಿಗೆ ಏರಿದ ಜ್ವರ ಅಂತ ತಿಳಿದು ಡಾಕ್ಟರು ತಡ ಮಾಡಲಿಲ್ಲ. ಸ್ವಂತ ಮಗನ ಬೆನ್ನೆಲುಬಿನ ಸಂದಿಗೆ ಸ್ವಂತ ಕೈಯಿಂದ ಸೂಜಿ ಚುಚ್ಚಿ ನೀರು ತೆಗೆದರು. ನೀರು ಮಬ್ಬಾಗಿತ್ತು. ಅದನ್ನು ತಂದು ಲಗಮಣ್ಣನ ಕೈಗೆ ಕೊಟ್ಟರು.

"ನೇರಳಿನೋ ಕೆಂಪೋ, ಅಷ್ಟ ಹೇಳು."

ಆ ಒಂದು ಮಾತಿನ ಮೇಲೆ ಎಲ್ಲ ನಿಂತಿತ್ತು. ನೇರಳೆ ಜೋಡಿಗಳಾದರೆ ಪೆನಿಸಿಲಿನ್ ಸಾಕು. ಕೆಂಪಾದರೆ ಕ್ಲೋರಾಂಫೆನಿಕಾಲ್ ಬೇಕೇ ಬೇಕು. ಎರಡನ್ನೂ ಕೊಟ್ಟುಬಿಡಬಹುದಿತ್ತು, ಆದರೆ ಹಿಂದಿನ ವರ್ಷ ಕ್ಲೋರಾಂಫೆನಿಕಾಲ್ ಕೊಟ್ಟ ಒಬ್ಬ ಹುಡುಗಿ ಮೈಯಲ್ಲಿ ರಕ್ತ ಹುಟ್ಟದಂತಾಗಿ ಸತ್ತಿದ್ದಳು. ಅವತ್ತಿನಿಂದ ಆ ಔಷಧಿಯನ್ನು ಡಾಕ್ಟರು ಸುಮ್ಮಸುಮ್ಮನೆ ಮುಟ್ಟುತ್ತಿರಲಿಲ್ಲ.

ಲಗಮಣ್ಣ ಗಾಜನ್ನು ಬಿಸಿಗೆ ಹಿಡಿದ, ನೇರಳೆ ಹಾಕಿದ, ಅಯೋಡಿನ್ ಹಾಕಿದ, ಸ್ಪಿರಿಟ್ಟಿನಿಂದ ತೊಳೆದ, ಕೆಂಪು ಹಾಕಿದ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ನೇರಳೆ. ಎರಡೆರಡು ಚುಕ್ಕೆ ಒಟ್ಟಿಗೆ ಇದ್ದಂತೆ. ಆದರೆ ಕೆಲವು ಚುಕ್ಕೆಗಳು ಉದ್ದಕ್ಕೆ ಕಂಡವು, ಎರಡು ತುದಿಗೆ ಮಾತ್ರ ಬಣ್ಣ ಹಿಡಿದ ಸಣ್ಣ ಕಡ್ಡಿಗಳ ಹಾಗೆ. ಅವನಿಗೆ ಆರಿಹೋದ ದೀಪ ನೆನಪಾಯಿತು.

"ನೇರಳಿ ಅದಾವ್ರಿ ಸಾಹೇಬ್ರ, ಜೋಡಿ ಜೋಡಿ. ಖರೆ, ಒಂದೀಟು ಉದ್ದ ಕಾಣತಾವು. ನನಗ್ಯಾಕೋ ಸ್ಪಿರಿಟ್ಟಿನ ಮ್ಯಾಲೆ ಸಂಶೆ ಐತ್ರಿ. ಒಮ್ಮಿ ಹಲ್ಲಿಂದು ಹಚ್ಚಿ ನೋಡ್ತೇನಿ, ಹತ್ತ ಮಿನಿಟ ಕೊಡ್ರಿ."

ಡಾಕ್ಟರು ತಿರುಗಿ ನೋಡಿದರು. ಹಿತ್ತಾಳೆ ಹೊಸ್ತಿಲಿನ ಆಚೆ ಅವರ ಹೆಂಡತಿ ಶಾಂತಾಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಥುರಾಬಾಯಿ ಜಪಮಾಲೆ ಹಿಡಿದು ನಿಂತಿದ್ದರು.

"ಈ ಹೊತ್ತಿನ್ಯಾಗ ಅದು ಬ್ಯಾಡ" ಅಂದರು ಡಾಕ್ಟರು ಸಣ್ಣ ದನಿಯಲ್ಲಿ. "ಸರಿ, ನಾ ನೋಡ್ತೀನಿ." ತಾವೇ ಕೂತು ನೋಡಿದರು. ಬಹಳ ಹೊತ್ತು ನೋಡಿದರು. "ನೇರಳಿ. ಜೋಡಿ. ನ್ಯುಮೊಕಾಕಸ್ ಅದು. ಪೆನಿಸಿಲಿನ್ ಸಾಕು."

ಮೂರು ದಿನ ಪೆನಿಸಿಲಿನ್ ಕೊಟ್ಟರು. ಜ್ವರ ಇಳಿಯಲಿಲ್ಲ, ಸೆಳವು ಹೆಚ್ಚಾದವು. ನಾಲ್ಕನೆಯ ದಿನ ಬಾಡಿಗೆ ಮೋಟಾರಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಮತ್ತೆ ನೀರು ತೆಗೆದು, ಮತ್ತೆ ಬಣ್ಣ ಹಾಕಿ ನೋಡಿದರು. ಕೆಂಪು. ಹೊರಗಿನ ಪೊರೆ ಇದ್ದ ಸಣ್ಣ ಸಣ್ಣ ಕಡ್ಡಿಗಳು. ಪೆನಿಸಿಲಿನ್ನು ಮೂರು ದಿನ ಆ ಪೊರೆಯಲ್ಲಿ ಹಾದಿ ಹುಡುಕುತ್ತಿದ್ದಾಗ ಅವು ಒಳಗೆ ತಮ್ಮ ಸಂಸಾರ ಬೆಳೆಸಿಕೊಂಡಿದ್ದವು. ಔಷಧಿ ಬದಲಿಸಿದರು, ಕೂಸು ಉಳಿಯಿತು. ಹನ್ನೆರಡನೆಯ ದಿನ ವಾರ್ಡಿನಲ್ಲಿ ನರ್ಸಿನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಬೆಚ್ಚಿಬಿದ್ದರು. ಕೃಷ್ಣಾಜಿ ಚಾದರದ ದಾರ ಎಳೆಯುತ್ತ ಆಡುತ್ತಲೇ ಇದ್ದ.

ಊರಿಗೆ ಬಂದ ಮುಂಜಾನೆ ಡಾಕ್ಟರು ಸೀದಾ ಲ್ಯಾಬಿಗೆ ಬಂದರು. ಬಾಟಲಿಯಿಂದ ಬಟ್ಟಲಿಗೆ ಸ್ಪಿರಿಟ್ಟು ಸುರಿದು ಕಡ್ಡಿ ಗೀರಿದರು. ಕಡ್ಡಿ ಆರಿತು. ಎರಡನೆಯದೂ ಆರಿತು. ಮೂರನೆಯ ಕಡ್ಡಿ ಆರುವಾಗ ಬಾಗಿಲಲ್ಲಿ ಮಹಾಂತಪ್ಪ, ಅವನ ಹಿಂದೆ ನಾಲ್ಕು ಜನ ರೋಗಿಗಳು, ಒಳ ಹೊಸ್ತಿಲಲ್ಲಿ ಮಥುರಾಬಾಯಿ ನಿಂತಿದ್ದರು.

"ಅರ್ಧಕ್ಕಿಂತ ಹೆಚ್ಚು ನೀರದ" ಅಂದರು ಡಾಕ್ಟರು.

ಮಹಾಂತಪ್ಪ ಬಾಯಿಗೆ ಬಂದದ್ದು ಆಡುವ ಮನುಷ್ಯ, ಆದರೆ ಕೇಡಿಗನಲ್ಲ. ಸಹಜವಾಗಿ ಹೇಳಿಬಿಟ್ಟ: "ಮತ್ತೇನ್ರಿ, ಕುಡದು ನೀರು ತುಂಬಿಟ್ಟಿರಬೇಕು."

ಯಾರು ಅಂತ ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಎಲ್ಲರ ಕಣ್ಣು ಒಂದೇ ಕಡೆ ತಿರುಗಿದವು. ಲಗಮಣ್ಣನ ಅಪ್ಪ ಶಟ್ಟೆಪ್ಪ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನು. ಮನೆಯಲ್ಲಿ ಬುದ್ಧನ ಪಟದ ಮುಂದೆ ಪಂಚಶೀಲ ಹೇಳದೆ ಯಾರೂ ತುತ್ತೆತ್ತುತ್ತಿರಲಿಲ್ಲ. ಕುಡಿತ ಬಿಡುತ್ತೇನೆ ಅನ್ನುವುದು ಆ ಐದು ಮಾತುಗಳಲ್ಲಿ ಒಂದು. ಲಗಮಣ್ಣ ಹುಟ್ಟಿದಾಗಿನಿಂದ ಅದರ ರುಚಿ ಕಂಡವನಲ್ಲ.

"ಸಾಹೇಬ್ರ, ನಿಮಗ ಗೊತ್ತೈತಿ. ನಾ ಮುಟ್ಟಂಗಿಲ್ಲ. ನೀವರೆ ಹೇಳ್ರಿ ಇವರಿಗೆ."

ಡಾಕ್ಟರ ಕಣ್ಣು ಒಮ್ಮೆ ಒಳ ಹೊಸ್ತಿಲ ಕಡೆ ಹೋಗಿ, ಬಟ್ಟಲಿಗೆ ತಿರುಗಿತು. ಆಮೇಲೆ, "ನಾಳಿಂದ ಬರಬ್ಯಾಡ, ಲಗಮಣ್ಣಾ" ಅಂದರು. ಸಂಜೆಯೊಳಗೆ ಬೈಲಹೊಂಗಲದ ಹತ್ತಿ ಪೇಟೆಯ ತನಕ ಸುದ್ದಿ ಹೋಗಿತ್ತು: ಲಗಮಣ್ಣ ದವಾಖಾನೆಯ ಸ್ಪಿರಿಟ್ಟು ಕುಡಿದು ಡಾಕ್ಟರ ಕೂಸಿನ ಕಿವಿ ಕಳೆದ.

ಮರುದಿನ ದೀಪ ಹಚ್ಚುವ ಹೊತ್ತಿಗೆ ತನ್ನ ನೋಟುಬುಕ್ಕು ತರಲು ಅವನು ವಾಡೆಗೆ ಹೋದ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಲ್ಯಾಬಿನ ಬಾಗಿಲು ತೆರೆದಿತ್ತು. ಒಳಗೆ ಮಥುರಾಬಾಯಿ ಎಡಗೈಯಲ್ಲಿ ಪೂಜೆಯ ಪಂಚಪಾತ್ರೆ ಹಿಡಿದು ನಿಂತಿದ್ದರು. ಬಾಯಲ್ಲಿ ಏನೋ ಮಂತ್ರ. ಬಲಗೈಯ ತಾಮ್ರದ ಚಮಚ, ಉದ್ಧರಣೆಯಲ್ಲಿ ನೀರು ತೆಗೆದು ಮೇಜಿಗೆ ಚಿಮುಕಿಸಿದರು, ಸ್ಟೂಲಿಗೆ ಚಿಮುಕಿಸಿದರು. ಆಮೇಲೆ ಸ್ಪಿರಿಟ್ಟಿನ ಬಾಟಲಿಯ ಬಿರಡೆ ತೆಗೆದು, ಒಂದು ಪೂರ್ತಿ ಉದ್ಧರಣೆ ನೀರನ್ನು ಅದರೊಳಗೆ ಸುರಿದು, ಬಿರಡೆ ಹಾಕಿ, ಬಾಟಲಿಗೆ ಕೈ ಮುಗಿದರು.

ಲಗಮಣ್ಣ ಬಾಗಿಲಿಗೆ ಬಂದ. "ಅವ್ವಾರ... ಏನ ಮಾಡಾಕ ಹತ್ತೀರಿ?"

ಆಕೆ ಬೆದರಲಿಲ್ಲ, ಮುಚ್ಚಿಡಲೂ ಇಲ್ಲ. ಮುಚ್ಚಿಡುವಂಥದು ಏನಾದರೂ ಇದೆ ಅಂತ ಆಕೆಗೆ ಅನ್ನಿಸಿರಲೇ ಇಲ್ಲ. "ನೀ ಮುಟ್ಟಿದ್ದಲ್ಲೇನಪಾ ಇದು? ಅದೂ ಸೆರಿ, ದಾರು ಇದ್ದಂಗ ಇರೂ ವಸ್ತು. ನೀಲೂ ಇದರಾಗ ಕೈ ಒರಸ್ಕೋತಾನ, ಅದ ಕೈಲೆ ಒಳಗ ಬಂದು ಉಣ್ಣತಾನ. ಅದಕ್ಕ ದಿನಾ ಸಂಜೀಕ ಒಂದು ಉದ್ಧರಣಿ ತೀರ್ಥ ಹಾಕ್ತೀನಿ. ನೀ ಬಂದಾಗಿಂದ ಒಂದ ದಿನಾ ತಪ್ಪಿಸಿಲ್ಲ. ಇನ್ನ ಇವತ್ತಿಗೆ ಕಡೀದು ಬಿಡು, ನೀ ಹೊಂಟಿಯಲ್ಲ." ಇಷ್ಟು ಹೇಳಿ, ಅವನ ನೆರಳು ತಾಗದಂತೆ ಸೆರಗು ಬಿಗಿಹಿಡಿದು, ಗೋಡೆಗುಂಟ ಸರಿದು ಒಳಗೆ ಹೋದರು.

ದಿನಕ್ಕೊಂದು ಉದ್ಧರಣೆ. ವಾರಕ್ಕೊಮ್ಮೆ ಬಾಟಲಿ ತುಂಬುತ್ತಿದ್ದಾಗ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಎರಡು ತಿಂಗಳು ಅದೇ ಬಾಟಲಿ ಇದ್ದಾಗ ಸ್ಪಿರಿಟ್ಟು ಖರ್ಚಾಗುತ್ತ ಹೋಯಿತು, ತೀರ್ಥ ಸೇರುತ್ತ ಹೋಯಿತು. ಕೊಬ್ಬಿನ ಪೊರೆ ಕರಗಲಿಲ್ಲ, ನೇರಳೆ ಹೋಗಲಿಲ್ಲ. ತಪ್ಪು ಹಿಡಿಯಬಹುದಾಗಿದ್ದ ಹಲ್ಲಿನ ಪಾಚಿಯನ್ನೂ ಅದೇ ಮಡಿಯೇ ನಿಲ್ಲಿಸಿತ್ತು. ಲಗಮಣ್ಣ ಮೇಜಿಗೆ ಕೈಯೂರಿ ನಿಂತ. ಕೂಸಿಗಾಗಿ ಅಳು ಬಂತು, ತನಗಾಗಿ ಸಿಟ್ಟು ಬಂತು. ಯಾವುದು ಮೊದಲು ಬಂತೋ ಅವನಿಗೇ ತಿಳಿಯಲಿಲ್ಲ.

ಡಾಕ್ಟರು ಯಾರನ್ನೋ ನೋಡಿಬಂದು ಒಳಗೆ ಕಾಲಿಟ್ಟಾಗ ಅವನು ಹಾಗೆಯೇ ನಿಂತಿದ್ದ. ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಡಾಕ್ಟರು ಬ್ಯಾಗು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದರು.

"ಗೊತ್ತದ."

"ಏನ್ರಿ?"

"ಅವ್ವ ಹಾಕೂದು ನನಗ ಗೊತ್ತಿತ್ತು. ಒಂದೆರಡ ಹನಿ ಇರಬೇಕು ಅಂತ ತಿಳಕೊಂಡಿದ್ದೆ. ಮುದುಕಿ, ಹೋಗಲಿ ಅಂತ ಸುಮ್ಮನಿದ್ದೆ. ನಿನ್ನೆ ಕಡ್ಡಿ ಆರಿದಾಗ ಎಲ್ಲಾ ತಿಳೀತು."

"ನಿನ್ನೆನ ತಿಳೀತು? ಮಹಾಂತಪ್ಪ ಆ ಮಾತು ಆಡಿದಾಗ ನಿಮಗ ಗೊತ್ತಿತ್ತು?"

ಡಾಕ್ಟರು ಒಳ ಹೊಸ್ತಿಲ ಕಡೆ ನೋಡಿ ದನಿ ತಗ್ಗಿಸಿದರು. "ಕೂಸು ಉಳದದ್ದು ತನ್ನ ತೀರ್ಥದಿಂದ ಅಂತ ಅಕಿ ತಿಳಕೊಂಡಾಳ. ಮೊಮ್ಮಗನ ಕಿವಿ ಅಕಿ ಕೈಲೆನ ಹೋದವು ಅಂತ ಅಕಿಗೆ ಹೆಂಗ ಹೇಳ್ಲಿ? ಮರದಿನಾನ ಬಾವಿಗೆ ಬೀಳ್ತಾಳ. ನಿನಗ ಬ್ಯಾರೆ ಕಡೆ ನೌಕರಿ ಸಿಗ್ತದ, ಲಗಮಣ್ಣಾ. ನನಗ ಬ್ಯಾರೆ ತಾಯಿ ಸಿಗಂಗಿಲ್ಲ."

"ನೌಕರಿ ಹೋಗ್ಲಿ ಬಿಡ್ರಿ. ನಾ ಕುಡದಿಲ್ಲ ಅಂತ ಒಂದ ಚೀಟಿ ಬರದು ಕೊಡ್ರಿ. ಅಷ್ಟ ಸಾಕು."

"ಅದನ್ನ ಬರದ್ರ, ಮತ್ತ ನೀರು ಹಾಕಿದವರು ಯಾರು ಅಂತ ಕೇಳ್ತಾರ." ಡಾಕ್ಟರು ಬೇರೆ ಕಾಗದ ತೆಗೆದು, ಲಗಮಣ್ಣ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾನೆ, ಅವನಿಗೆ ಒಳ್ಳೆಯದಾಗಲಿ ಅಂತ ಎರಡು ಸಾಲು ಬರೆದು ಸಹಿ ಹಾಕಿದರು. ಅಕ್ಷರ ಬಹಳ ಸುಂದರವಾಗಿದ್ದವು.

ಲಗಮಣ್ಣ ಅದನ್ನು ಮುಟ್ಟಲಿಲ್ಲ. ನೋಟುಬುಕ್ಕಿನೊಳಗಿನ ಆ ಹಳೆಯ ಚೀಟಿ, ಎರಡು ಗುಂಡಗಿನ ಗೆರೆಯದು, ತೆಗೆದು ಅದರ ಪಕ್ಕಕ್ಕಿಟ್ಟ. "ಸಾಹೇಬ್ರ, ಕೂಸಿನ ಕಿವಿ ರೋಗದಿಂದ ಹೋದವು. ನಿಮ್ಮ ಕಿವಿಗೆ ಏನಾಗೇತ್ರಿ?" ಅಂದು ಹೊರಬಿದ್ದ.

ಮನೆಯಲ್ಲಿ ಹೆಂಡತಿ ಸಾವಂತ್ರೆವ್ವ ಕೇಳಿ ಕೆಂಡವಾದಳು. "ನಿಮ್ಮ ಬಾಯಾಗ ನಾಲಿಗಿ ಇಲ್ಲೇನ್ರಿ? ನಾ ಹೋಗಿ ಬಾಜಾರದಾಗ ನಿಂತು ಒದರ್ತೇನಿ. ಆ ಮುದುಕಿ ಮಾರಿಗೆ ಹೇಳ್ರಿ ಹೋಗ್ರಿ!" ಅವಳ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಎರಡು ದಿನ ಲಗಮಣ್ಣ ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸಿಕೊಂಡ. ಮೂರನೆಯ ದಿನ ಮುಂಜಾನೆ ಗಟ್ಟಿ ಮನಸ್ಸು ಮಾಡಿ ವಾಡೆಗೆ ನಡೆದ.

ಹೊರಗಿನ ಕಟ್ಟೆಯ ಮೇಲೆ ಮಥುರಾಬಾಯಿ ಕೂತಿದ್ದರು. ಅವರ ಮುಂದೆ ಕೃಷ್ಣಾಜಿ ಬೆನ್ನು ಮಾಡಿಕೊಂಡು ಹುಣಸೆ ಬೀಜ ಆರಿಸುತ್ತಿದ್ದ. ಮುದುಕಿ ಅವನ ತಲೆಯ ಹಿಂದೆ ಚಪ್ಪಾಳೆ ತಟ್ಟಿದರು. ಸ್ವಲ್ಪ ತಡೆದು ಇನ್ನೂ ಜೋರಾಗಿ ತಟ್ಟಿದರು. ದೇವರ ಮನೆಯ ಜಾಗಟೆ ತಂದು ಕಿವಿಯ ಬಳಿ ಬಾರಿಸಿದರು. ಕೂಸು ಬೀಜ ಆರಿಸುತ್ತಲೇ ಇತ್ತು. ಆಕೆ ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕೃಷ್ಣಾ, ಒಮ್ಮೆ ತಿರುಗೋ, ನನ್ನಪ್ಪ" ಅಂದರು. ಆಗ ಕೂಸು ತಿರುಗಿತು. ಅಜ್ಜಿಯ ದನಿಗಲ್ಲ, ಬೀದಿಯಲ್ಲಿ ನಿಂತ ಲಗಮಣ್ಣನನ್ನು ಕಂಡು ಹಲ್ಲು ಬಿಟ್ಟಿತು. "ಲಮ್ಮಣ್ಣಾ" ಅನ್ನುವ ಮಾತು ಅದರ ಬಾಯಿಗೆ ಬರಲೇ ಇಲ್ಲ.

ಲಗಮಣ್ಣ ಬಂದ ದಾರಿಯಲ್ಲೇ ತಿರುಗಿದ. ಅದು ಕರುಣೆಯೋ ಹೇಡಿತನವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಸಾವಂತ್ರೆವ್ವ ಮಾತ್ರ ಹೇಡಿತನ ಅಂತಲೇ ಅಂದಳು.

ಬೇರೆ ಕಡೆ ನೌಕರಿ ಸಿಗಲಿಲ್ಲ. ಸ್ಪಿರಿಟ್ಟು ಕುಡಿಯುವವನನ್ನು ಯಾವ ದವಾಖಾನೆಯವರು ಇಟ್ಟುಕೊಳ್ಳುತ್ತಾರೆ? ಮುರಗೋಡದಲ್ಲಿ ಕೇಳಿದ, ರಾಮದುರ್ಗದಲ್ಲಿ ಕೇಳಿದ. ಅವನಿಗಿಂತ ಮೊದಲೇ ಸುದ್ದಿ ಹೋಗಿ ಕೂತಿರುತ್ತಿತ್ತು. ಕಡೆಗೆ ಮಲೇರಿಯಾ ಕೆಲಸದಲ್ಲಿ ದಿನಗೂಲಿಗೆ ಸೇರಿದ. ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ತೊರಗಲ್ಲು, ಕಟಕೋಳ ಅಂತ ಹಳ್ಳಿ ಹಳ್ಳಿ ತಿರುಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿಗೆ ರಕ್ತ ಹಚ್ಚಿಕೊಂಡು ಬರುವುದು. ಸ್ಲೈಡು ಓದುವವರು ಬೇರೆ. ಅವನು ಓದುವ ಹಾಗಿರಲಿಲ್ಲ. ಆದರೂ ದಿನಾ ಮುಂಜಾನೆ ಪೆಟ್ಟಿಗೆಯಲ್ಲಿನ ಸ್ಪಿರಿಟ್ಟಿನ ಒಂದು ಹನಿಯನ್ನು ಕಲ್ಲಿನ ಮೇಲೆ ಹಾಕಿ, ಕಡ್ಡಿ ಗೀರಿ, ನೀಲಿ ಉರಿ ಕಂಡ ಮೇಲೆಯೇ ಹೊರಡುತ್ತಿದ್ದ.

ಒಂದು ವರ್ಷದ ಮೇಲೆ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಮಹಾಂತಪ್ಪ ಸಿಕ್ಕ. ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದಿದ್ದ, ಹಣೆಯ ತುಂಬ ಅರಿಶಿನದ ಭಂಡಾರ. ಲಗಮಣ್ಣನನ್ನು ಕಂಡು ಪ್ರೀತಿಯಿಂದಲೇ ಪಕ್ಕಕ್ಕೆ ಕರೆದು ಕೂಡಿಸಿಕೊಂಡ. ಕೂಸು ಹೇಗಿದೆ ಅಂತ ಲಗಮಣ್ಣ ಕೇಳಿದ. "ಏನ ಹೇಳ್ಲೆಪಾ, ಇದ್ದ ನಾಕ ಮಾತೂ ಮರತೈತಿ" ಅಂದ ಮಹಾಂತಪ್ಪ. ಆಮೇಲೆ ದನಿ ತಗ್ಗಿಸಿದ.

"ಒಂದ ಮಾತು ಅಂತೇನಿ, ಸಿಟ್ಟಾಗಬ್ಯಾಡ. ನೀ ಬಿಟ್ಟು ಹೋದ ಮ್ಯಾಲೆ ಆ ಬಾಟ್ಲಿ ಒಮ್ಮಿನೂ ನೀರಾಗಿಲ್ಲ ನೋಡು. ಪರ್ಮಿಟ್ ತಡಾ ಆದ್ರೂ ಆಗಿಲ್ಲ. ದೀಪಾ ನೀಲಿ ಉರೀತೈತಿ. ಊರಾಗ ಯಾರಿಗರೆ ಅನುಮಾನ ಇದ್ರ ಅದೂ ಹೋತು."

"ಈಗ ಲ್ಯಾಬಿನ್ಯಾಗ ಯಾರ ಅದಾರಪಾ?"

"ಮಥುರಾಬಾಯಾರ ತವರಮನಿ ಕಡೆಯವ. ಚಲೋ ಹುಡುಗ. ಒಳಗ ಅಡಗಿ ಮನ್ಯಾಗ ಅವರ ಕೂಡನ ಉಣ್ಣತಾನ."

ಲಗಮಣ್ಣನಿಗೆ ನಗು ಬಂತು. ವರ್ಷದಿಂದ ಯಾರ ಮುಂದೆಯೂ ಪೂರ್ತಿ ಆಡದ ಮಾತು ಆ ನಗುವಿನ ಜೊತೆಗೇ ಹೊರಬಂತು. ಪಂಚಪಾತ್ರೆ, ಉದ್ಧರಣೆ, ಎರಡು ತಿಂಗಳ ಬಾಟಲಿ, ಡಾಕ್ಟರು "ಗೊತ್ತದ" ಅಂದದ್ದು, ಒಂದನ್ನೂ ಬಿಡದೆ ಹೇಳಿದ. ಹೊಸಬ ಅವರವನೇ ಆದ್ದರಿಂದ ಈಗ ಬಾಟಲಿಗೆ ತೀರ್ಥ ಬೀಳುವುದಿಲ್ಲ ಅನ್ನುವುದನ್ನೂ ಬಿಡಿಸಿ ಹೇಳಿದ. ಮಹಾಂತಪ್ಪ ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡ. ಕೇಳಿ, ಮುಖ ಕೆಳಗೆ ಮಾಡಿ, ಲಗಮಣ್ಣನ ತೊಡೆಯನ್ನು ಮೆಲ್ಲಗೆ ತಟ್ಟಿದ.

"ಅಲ್ಲೋ ತಮ್ಮಾ, ದೇವರ ತೀರ್ಥದಿಂದ ಯಾವುದರೆ ಕೆಡತೈತೇನು? ಆ ಮುದುಕಿ ಮ್ಯಾಲೆ ಯಾಕ ಗೂಬಿ ಕೂಡಸ್ತಿ? ಆದದ್ದಾತು, ಬಿಡು." ಸ್ವಲ್ಪ ತಡೆದು, ಸ್ವಂತ ಅಣ್ಣನ ಹಾಗೆ ಕೇಳಿದ: "ಈಗರೆ ಕುಡಿಯೂದು ಬಿಟ್ಟಿ ಇಲ್ಲೋ?"

ರಾಮದುರ್ಗದ ಬಸ್ಸು ಬಂದು ನಿಂತಿತು. ಜನ ಕಿಟಕಿಯೊಳಗಿಂದ ಟವೆಲ್ಲು ಹಾಕಿ ಜಾಗ ಹಿಡಿಯುತ್ತಿದ್ದರು. ಲಗಮಣ್ಣ ಪೆಟ್ಟಿಗೆ ಎತ್ತಿ ಹೆಗಲಿಗೆ ಹಾಕಿಕೊಂಡ.

"ಬಿಟ್ಟೇನಿ" ಅಂದು ಬಸ್ಸು ಹತ್ತಿದ.